ಬೇಕಾದಷ್ಟು ಮಾತ್ರೆ, ಬೇಕಾದಷ್ಟು ವರ್ಷ: ರಾಯ್ ವಜೆಲೋಸ್ ಬಗ್ಗೆ ಒಂದು ಮಾತು

(ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಔಷಧಿ ಕಂಪನಿಯ ದೊಡ್ಡ ಅಧಿಕಾರಿ ಅಂದರೆ ನಮಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರುವುದಿಲ್ಲ. ಮಾತ್ರೆಯ ಬಿಲ್ ಕೈಗೆ ಬಂದಾಗಲೆಲ್ಲ ಒಳಗೊಳಗೇ ಬೈದುಕೊಳ್ಳುವುದು ಇವರನ್ನೇ. ಅದು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಹಾಗಿದ್ದೂ ಇವತ್ತು ಅಂಥ ಒಬ್ಬ ಅಧಿಕಾರಿಯ ಬಗ್ಗೆ ಮಾತಾಡಲು ನಿಂತಿದ್ದೇನೆ. ಹೆಸರು ರಾಯ್ ವಜೆಲೋಸ್. ಅಮೆರಿಕದ ಮರ್ಕ್ ಕಂಪನಿಯ ಮುಖ್ಯಸ್ಥರಾಗಿದ್ದವರು. 1994ರಲ್ಲಿ, 65 ತುಂಬಿದಾಗ, ಕಂಪನಿಯ ನಿಯಮದಂತೆ ನಿವೃತ್ತರಾದರು. ಆಮೇಲೂ ಸುಮಾರು ಮೂರು ದಶಕ ಕೆಲಸ ಬಿಡಲಿಲ್ಲ.

ನನಗೆ ಕೊಟ್ಟ ವಿಷಯ ‘ನಿವೃತ್ತಿಯ ನಂತರದ ಸೇವೆ’. ಇಲ್ಲಿ ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಈ ಮನುಷ್ಯನ ಸೇವೆ ನಿವೃತ್ತಿಯ ಮರುದಿನ ಬೆಳಗ್ಗೆ ಶುರುವಾದದ್ದಲ್ಲ. ಕುರ್ಚಿಯಲ್ಲಿ ಕೂತಿದ್ದಾಗಲೇ ಶುರುವಾಗಿತ್ತು, ಆ ಕುರ್ಚಿಯ ಬಲದಿಂದಲೇ ನಡೆದಿತ್ತು. ಹಾಗಾಗಿ ನನ್ನ ಮಾತಿನ ಮುಕ್ಕಾಲು ಪಾಲು ನಿವೃತ್ತಿಗೆ ಮುಂಚಿನದು. ಸಂಘಟಕರು ಬೇಜಾರು ಮಾಡಿಕೊಳ್ಳಬಾರದು.

ವಜೆಲೋಸ್ ಹುಟ್ಟಿದ್ದು 1929ರ ಅಕ್ಟೋಬರ್‌ನಲ್ಲಿ, ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ಮುಗ್ಗರಿಸಿ ಬಿತ್ತು. ಅಪ್ಪ ಅಮ್ಮ ಗ್ರೀಸ್‌ನಿಂದ ವಲಸೆ ಬಂದವರು. ಕೂಡಿಟ್ಟದ್ದೆಲ್ಲ ಆ ಕುಸಿತದಲ್ಲಿ ಹೋಯಿತು. ಮುಂದೆ ಪಕ್ಕದ ರಾಹ್‌ವೇ ಊರಿನಲ್ಲಿ ಒಂದು ಚಿಕ್ಕ ಹೋಟೆಲು ನಡೆಸಿದರು. ಹುಡುಗ ಆಲೂಗಡ್ಡೆ ಸುಲಿದ, ತಟ್ಟೆ ತೊಳೆದ. ಮರ್ಕ್ ಕಂಪನಿ ಇದ್ದದ್ದು ಅಲ್ಲೇ, ಹೋಟೆಲಿನ ಹತ್ತಿರದಲ್ಲೇ. ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ ವಿಜ್ಞಾನಿಗಳು, ಎಂಜಿನಿಯರುಗಳು ತಮ್ಮ ಕೆಲಸದ ಬಗ್ಗೆ ಉತ್ಸಾಹದಿಂದ ಮಾತಾಡುತ್ತಿದ್ದರು. ಹುಡುಗ ಕೇಳಿಸಿಕೊಳ್ಳುತ್ತಿದ್ದ.

ಓದಿನಲ್ಲಿ ಚುರುಕಾದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ. 1954ಕ್ಕೆ ಡಾಕ್ಟರ್ ಆದ. ಆಮೇಲೆ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಹತ್ತು ವರ್ಷ, ನಮ್ಮ ದೇಹ ಕೊಬ್ಬನ್ನು ಹೇಗೆ ತಯಾರಿಸುತ್ತದೆ ಎಂಬುದರ ಬೆನ್ನು ಹತ್ತಿದರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ವಿಭಾಗ ಕಟ್ಟಿದರು. ಮರ್ಕ್‌ಗೆ ಬಂದದ್ದು 1975ರಲ್ಲಿ, ಸಂಶೋಧನೆಯ ಹೊಣೆ ಹೊತ್ತು. ಅಂದರೆ ಮಾರಾಟದಿಂದ ಮೇಲೆ ಬಂದವರಲ್ಲ, ಲೆಕ್ಕಪತ್ರದಿಂದಲೂ ಅಲ್ಲ. ಲ್ಯಾಬಿನಿಂದ ಬಂದವರು. ಮುಂದಿನ ಕತೆಗೆ ಇದು ಮುಖ್ಯ. ಅವರ ಬಾಲ್ಯದ ಬಗ್ಗೆ ಇನ್ನೂ ಹೇಳಬಹುದು, ಆದರೆ ಅಲ್ಲಿ ನಿಂತರೆ ಹುಳುವಿನ ಕತೆಗೆ ಹೊತ್ತಾಗಿಬಿಡುತ್ತದೆ.

ಹುಳುವಿನ ಕತೆ ಮಣ್ಣಿನಿಂದ ಶುರುವಾಗುತ್ತದೆ. ಜಪಾನಿನ ಕವಾನಾ ಎಂಬ ಕಡೆ, ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ವಿಜ್ಞಾನಿ ಸತೋಶಿ ಓಮುರಾ ಅವರಿಗೆ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಟೋಕಿಯೋದ ಕಿತಸಾತೋ ಸಂಸ್ಥೆಗೂ ಮರ್ಕ್‌ಗೂ ಆಗ ಒಂದು ಒಪ್ಪಂದ ಇತ್ತು. ಆ ಪ್ರಕಾರ ಮಾದರಿ ಅಮೆರಿಕಕ್ಕೆ ಬಂತು. ಅಲ್ಲಿ ಐರ್ಲೆಂಡ್ ಮೂಲದ ವಿಲಿಯಂ ಕ್ಯಾಂಬೆಲ್ ಮತ್ತು ಅವರ ತಂಡ ಪರೀಕ್ಷೆ ಮಾಡಿತು. ಪ್ರಾಣಿಗಳ ಹೊಟ್ಟೆಹುಳುವಿಗೆ ಇದು ಅದ್ಭುತವಾಗಿ ಕೆಲಸ ಮಾಡಿತು. ತುಂಬಾ ಕಡಿಮೆ ಪ್ರಮಾಣ ಸಾಕು. ಅದರಿಂದ ತಯಾರಾದದ್ದೇ ಐವರ್‌ಮೆಕ್ಟಿನ್. 1981ರಿಂದ ದನ, ಕುರಿ, ಕುದುರೆಗಳ ಔಷಧಿಯಾಗಿ ಮಾರಾಟಕ್ಕೆ ಬಂತು, ಭರ್ಜರಿ ಲಾಭ ತಂದಿತು.

ಐವರ್‌ಮೆಕ್ಟಿನ್ ಹೆಸರು ಕೇಳಿ ಕೆಲವರು ಮುಗುಳ್ನಗುತ್ತಿದ್ದೀರಿ. ಗೊತ್ತು. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಮಾತ್ರೆ ಅದು. ಆ ರೋಗಕ್ಕೆ ಅದರಿಂದ ಪ್ರಯೋಜನ ಇಲ್ಲ ಅಂತ ಆಮೇಲೆ ದೊಡ್ಡ ಪ್ರಯೋಗಗಳು ತೋರಿಸಿದವು. ಪಾಪ, ಒಂದು ಒಳ್ಳೆಯ ಮಾತ್ರೆಗೆ ಸುಮ್ನೆ ಕೆಟ್ಟ ಹೆಸರು ಬಂತು. ಅದರ ನಿಜವಾದ ಊರು ಬೇರೆ, ನಿಜವಾದ ಕೆಲಸವೂ ಬೇರೆ.

ಆಫ್ರಿಕಾದ ಎಷ್ಟೋ ದೇಶಗಳಲ್ಲಿ ‘ನದಿ ಕುರುಡು’ ಎಂಬ ರೋಗ ಇದೆ. ಜೋರಾಗಿ ಹರಿಯುವ ನೀರಿನಲ್ಲಿ ಒಂದು ಜಾತಿಯ ಕಪ್ಪು ನೊಣ ಮೊಟ್ಟೆ ಇಡುತ್ತದೆ. ಆ ನೊಣ ಕಚ್ಚಿದಾಗ ಹುಳುವಿನ ಮರಿ ಮೈಯೊಳಗೆ ಸೇರುತ್ತದೆ. ದೊಡ್ಡ ಹುಳುಗಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬದುಕುತ್ತವೆ. ಅಷ್ಟೂ ವರ್ಷ ಮರಿ ಹಾಕುತ್ತಲೇ ಇರುತ್ತವೆ. ಲಕ್ಷಗಟ್ಟಲೆ ಮರಿಗಳು ಚರ್ಮದಲ್ಲೆಲ್ಲ ಹರಿದಾಡುತ್ತವೆ. ತುರಿಕೆ ಎಂಥದ್ದು ಅಂದರೆ ಜನ ಕಲ್ಲು, ಮಡಕೆ ಚೂರು ತೆಗೆದುಕೊಂಡು ಮೈ ಕೆರೆದುಕೊಳ್ಳುತ್ತಿದ್ದರು. ರಾತ್ರಿ ನಿದ್ದೆ ಇಲ್ಲ. ಮರಿಗಳು ಕಣ್ಣಿಗೂ ಹೋಗುತ್ತವೆ. ಅಲ್ಲಿ ಸತ್ತಾಗ ಆಗುವ ಉರಿಯೂತದಿಂದ ನಿಧಾನವಾಗಿ ದೃಷ್ಟಿ ಹೋಗುತ್ತದೆ.

ನದಿಯ ದಂಡೆ ಅಂದರೆ ಫಲವತ್ತಾದ ಭೂಮಿ. ಆದರೆ ನೊಣ ಇರುವುದೂ ಅಲ್ಲೇ. ಜನ ಹೊಲ ಬಿಟ್ಟು, ಊರು ಬಿಟ್ಟು, ನೀರಿಲ್ಲದ ಮೇಲಿನ ಜಾಗಕ್ಕೆ ಹೋಗುತ್ತಿದ್ದರು. ಉಳಿದವರ ಊರುಗಳಲ್ಲಿ ಒಂದು ಸಾಮಾನ್ಯ ದೃಶ್ಯ ಇತ್ತು. ಒಂದು ಕೋಲು. ಮುಂದಿನ ತುದಿ ಮಗುವಿನ ಕೈಯಲ್ಲಿ, ಹಿಂದಿನ ತುದಿ ಕಣ್ಣಿಲ್ಲದ ಹಿರಿಯರ ಕೈಯಲ್ಲಿ. ಆ ಮಗು ಶಾಲೆಗೆ ಹೋಗುವುದಿಲ್ಲ, ದಾರಿ ತೋರಿಸುವುದೇ ಅದರ ಕೆಲಸ.

1974ರಿಂದ ವಿಶ್ವಬ್ಯಾಂಕ್, ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರು ಪಶ್ಚಿಮ ಆಫ್ರಿಕಾದ ನದಿಗಳಿಗೆ ಹೆಲಿಕಾಪ್ಟರ್‌ನಿಂದ ಔಷಧಿ ಸಿಂಪಡಿಸಿ ನೊಣದ ಮರಿ ಕೊಲ್ಲುತ್ತಿದ್ದರು. ಅದರಿಂದ ದೊಡ್ಡ ಪ್ರಯೋಜನವೇ ಆಯಿತು. ಆದರೆ ಆಗಲೇ ಮೈಯೊಳಗೆ ಹುಳು ಇಟ್ಟುಕೊಂಡವರಿಗೆ ಏನು ಮಾಡುವುದು? ಇದ್ದ ಹಳೆಯ ಔಷಧಿ ಕೊಟ್ಟರೆ ಮರಿಗಳು ಒಮ್ಮೆಗೇ ಸತ್ತು ಮೈಯೆಲ್ಲ ಬೆಂಕಿ ಇಟ್ಟ ಹಾಗೆ ಆಗುತ್ತಿತ್ತು. ಕೆಲವರಿಗೆ ಕಣ್ಣಿಗೇ ಅಪಾಯ ಆಗುತ್ತಿತ್ತು.

ಕ್ಯಾಂಬೆಲ್ ಗಮನಿಸಿದ್ದು ಒಂದು ಸಣ್ಣ ವಿಷಯ. ಕುದುರೆಯ ಮೈಯಲ್ಲಿ ಇದೇ ಕುಲದ ಇನ್ನೊಂದು ಹುಳು ಇರುತ್ತದೆ. ಐವರ್‌ಮೆಕ್ಟಿನ್ ಅದರ ಮರಿಗಳನ್ನು ಕೊಂದಿತ್ತು. ಹಾಗಾದರೆ ಮನುಷ್ಯರ ಹುಳುವಿಗೂ ನೋಡಬಹುದಲ್ಲ ಅಂತ ಅವರು ವಜೆಲೋಸ್‌ಗೆ ಬರೆದರು. ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಾಣಿಗಳಲ್ಲಿ ಚೆನ್ನಾಗಿ ದುಡ್ಡು ಮಾಡುತ್ತಿರುವ ಔಷಧಿ. ಮನುಷ್ಯರ ಮೇಲೆ ಪ್ರಯೋಗಿಸಿ ಏನಾದರೂ ಎಡವಟ್ಟಾದರೆ ಪ್ರಾಣಿ ಔಷಧಿಯ ಹೆಸರೂ ಹೋಗುತ್ತದೆ. ಯಶಸ್ವಿಯಾದರೂ ಕೊಳ್ಳುವವರು ಯಾರು? ದಿನದ ಊಟಕ್ಕೇ ಕಷ್ಟಪಡುವವರು. ಬೇಡ ಅನ್ನಲು ಕಾರಣ ಹುಡುಕಬೇಕಾಗಿರಲಿಲ್ಲ. ವಜೆಲೋಸ್ ಸರಿ, ಮುಂದುವರಿಸಿ ಅಂದರು.

1981ರಲ್ಲಿ ಮರ್ಕ್‌ನ ವೈದ್ಯ ಮೊಹಮ್ಮದ್ ಅಜೀಜ್ ಸೆನೆಗಲ್‌ನಲ್ಲಿ ಮೊದಲ ಪ್ರಯೋಗ ಶುರು ಮಾಡಿದರು. ಅಜೀಜ್ ನಮ್ಮ ಉಪಖಂಡದವರು, ಈಗಿನ ಬಾಂಗ್ಲಾದೇಶದ ಕಡೆಯವರು. ಪರೀಕ್ಷೆ ಹೇಗೆ ಗೊತ್ತಾ? ರೋಗಿಯ ಚರ್ಮದಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ಕತ್ತರಿಸಿ ಉಪ್ಪುನೀರಿನಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಿಹುಳುಗಳು ಚರ್ಮದಿಂದ ಹೊರಬಂದು ನೀರಿನಲ್ಲಿ ಒದ್ದಾಡುತ್ತಿರುತ್ತವೆ. ಎಣಿಸಬಹುದು. ಒಂದೇ ಒಂದು ಡೋಸ್ ಕೊಟ್ಟು ತಿಂಗಳ ನಂತರ ನೋಡಿದರೆ ಚರ್ಮದಲ್ಲಿ ಹುಳುಗಳು ಇಲ್ಲ ಅನ್ನುವಷ್ಟು ಕಡಿಮೆ. ಹಳೆಯ ಔಷಧಿಯ ಉರಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಇನ್ನೂ ಕೆಲವು ದೇಶಗಳಲ್ಲಿ ಪ್ರಯೋಗ ನಡೆಯಿತು, ವರ್ಷಗಳು ಹಿಡಿದವು. ಕೊನೆಗೆ 1987ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಅನುಮತಿ ಕೊಟ್ಟಿತು.

ವಜೆಲೋಸ್ ಆಗ ಕಂಪನಿಯ ಮುಖ್ಯಸ್ಥರು. ಔಷಧಿ ಕೊಳ್ಳಲು ಯಾರಾದರೂ ದುಡ್ಡು ಕೊಡುತ್ತಾರಾ ಅಂತ ಅವರು ಬಾಗಿಲು ಬಾಗಿಲು ತಟ್ಟಿದ್ದರು. ಅಮೆರಿಕ ಸರ್ಕಾರವನ್ನು ಕೇಳಿದ್ದರು, ಅಂತಾರಾಷ್ಟ್ರೀಯ ಸಂಸ್ಥೆಗಳನ್ನು ಕೇಳಿದ್ದರು. ಎಲ್ಲರೂ ಔಷಧಿ ತುಂಬಾ ಚೆನ್ನಾಗಿದೆ ಅಂದರು. ದುಡ್ಡು ಮಾತ್ರ ಯಾರ ಹತ್ತಿರವೂ ಇರಲಿಲ್ಲ. 1987ರ ಅಕ್ಟೋಬರ್ 21ರಂದು ಮರ್ಕ್ ಒಂದು ಘೋಷಣೆ ಮಾಡಿತು. ಮಾತ್ರೆ ಪುಕ್ಕಟೆ. ಯಾರಿಗೆ ಬೇಕೋ ಅವರಿಗೆಲ್ಲ. ಎಷ್ಟು ಬೇಕೋ ಅಷ್ಟು. ಎಷ್ಟು ವರ್ಷ ಬೇಕೋ ಅಷ್ಟು ವರ್ಷ.

ಕಂಪನಿಯ ಆಡಳಿತ ಮಂಡಳಿಯ ಒಪ್ಪಿಗೆಗೆ ಕಾಯದೆ ಇದನ್ನು ತೀರ್ಮಾನಿಸಿದೆ ಅಂತ ವಜೆಲೋಸ್ ಆಮೇಲೆ ಹೇಳಿಕೊಂಡಿದ್ದಾರೆ. ಧೈರ್ಯವೋ ಭಂಡತನವೋ, ನೀವೇ ಹೇಳಿ. ಏಕೆಂದರೆ ಆ ಕೊನೆಯ ಸಾಲು ತುಂಬಾ ಭಾರದ್ದು. ಈ ಮಾತ್ರೆ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳುವನ್ನು ಕೊಲ್ಲುವುದಿಲ್ಲ. ದೊಡ್ಡ ಹುಳು ಮುದಿಯಾಗಿ ತಾನೇ ಸಾಯುವವರೆಗೆ ವರ್ಷ ವರ್ಷವೂ ಕೊಡಬೇಕು. ಅಂದರೆ ಹತ್ತು, ಹದಿನೈದು ವರ್ಷ. ಒಬ್ಬರಿಗಲ್ಲ, ಇಡೀ ಊರಿಗೆ. ಊರಿಗಲ್ಲ, ಖಂಡದ ಅರ್ಧಕ್ಕೆ. ಒಂದು ಸಲ ಲಾರಿಯಲ್ಲಿ ಪೆಟ್ಟಿಗೆ ತುಂಬಿ ಕಳಿಸಿ ಕೈ ತೊಳೆದುಕೊಳ್ಳುವ ದಾನ ಇದಲ್ಲ. ಘೋಷಣೆ ಮಾಡಿದವರು ನಿವೃತ್ತರಾಗುತ್ತಾರೆ, ಮುಂದಿನವರು ಬರುತ್ತಾರೆ, ಷೇರುದಾರರು ಬದಲಾಗುತ್ತಾರೆ. ಮಾತು ಮಾತ್ರ ನಡೆಯಬೇಕು. ಹುಡುಗ ಆಲೂಗಡ್ಡೆ ಸುಲಿದದ್ದಕ್ಕಿಂತ, ಮುಂದೆ ಕೊಟ್ಟ ಕೋಟಿಗಟ್ಟಲೆ ಡಾಲರ್‌ಗಿಂತ, ವಜೆಲೋಸ್ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. ಕೊನೆಯ ದಿನಾಂಕ ಇಲ್ಲದ ಒಂದು ಮಾತು ಕೊಟ್ಟರು. ಅದು ಇವತ್ತಿಗೂ ನಡೆಯುತ್ತಿದೆ. ಈವರೆಗೆ ಕೊಟ್ಟ ಡೋಸ್‌ಗಳ ಲೆಕ್ಕ ನೂರಾರು ಕೋಟಿ.

ಪುಕ್ಕಟೆ ಅಂದ ಕೂಡಲೇ ಕೆಲಸ ಮುಗಿಯುವುದಿಲ್ಲ. ನಿಜ ಹೇಳಬೇಕಂದರೆ ಅಲ್ಲಿಂದಲೇ ಶುರು. ರಸ್ತೆ ಇಲ್ಲದ ಊರು, ಡಾಕ್ಟರ್ ಇಲ್ಲದ ಊರು. ಕಾಳಸಂತೆಗೆ ಹೋದರೆ? ಅಡ್ಡ ಪರಿಣಾಮ ಆದರೆ ಹೊಣೆ ಯಾರು? ಇಲ್ಲಿ ಮರ್ಕ್ ಒಂದು ಜಾಣತನದ ಕೆಲಸ ಮಾಡಿತು. ಯಾರಿಗೆ ಕೊಡಬೇಕು, ಎಲ್ಲಿಗೆ ಕಳಿಸಬೇಕು ಎಂದು ತಾನು ತೀರ್ಮಾನಿಸಲು ಹೋಗಲಿಲ್ಲ. ಹೊರಗಿನ ತಜ್ಞರ ಸಮಿತಿಯೊಂದನ್ನು ಅಟ್ಲಾಂಟಾದಲ್ಲಿ ಮಾಡಿ ಅದರ ಕೈಗೆ ಒಪ್ಪಿಸಿತು. ಮುಖ್ಯಸ್ಥರು ಬಿಲ್ ಫೀಗಿ. ಭಾರತದಲ್ಲಿ ಸಿಡುಬು ನಿರ್ಮೂಲನೆಗೆ ಓಡಾಡಿದವರು ಅವರೇ.

ಮೊದಲು ಆರೋಗ್ಯ ಇಲಾಖೆಯ ತಂಡಗಳು ಜೀಪಿನಲ್ಲಿ ಊರಿಂದೂರಿಗೆ ಹೋಗಿ ಮಾತ್ರೆ ಕೊಡುತ್ತಿದ್ದವು. ಖರ್ಚು ಜಾಸ್ತಿ, ತಲುಪಿದ್ದು ಕಡಿಮೆ. ತಂಡ ಬಂದ ದಿನ ಜನ ಹೊಲದಲ್ಲಿ ಇರುತ್ತಿದ್ದರು. 1990ರ ದಶಕದ ನಡುವಿನಲ್ಲಿ ಬೇರೆ ದಾರಿ ಹಿಡಿದರು. ಊರಿನವರೇ ಸೇರಿ ತಮ್ಮಲ್ಲಿ ಒಬ್ಬರನ್ನು ಆರಿಸುತ್ತಾರೆ. ಯಾವ ತಿಂಗಳು, ಯಾವ ದಿನ, ಮನೆಮನೆಗೆ ಹೋಗಿಯೋ ಒಂದೇ ಕಡೆ ಸೇರಿಸಿಯೋ, ಎಲ್ಲವೂ ಊರಿನವರ ತೀರ್ಮಾನ. ಆ ಒಬ್ಬರಿಗೆ ತರಬೇತಿ, ಒಂದು ನೋಟ್‌ಬುಕ್, ಒಂದು ಕೋಲು.

ಈ ಕೋಲಿನ ಬಗ್ಗೆ ಹೇಳಲೇಬೇಕು. ಡೋಸ್ ಲೆಕ್ಕ ಹಾಕಬೇಕಾದದ್ದು ತೂಕದ ಮೇಲೆ. ಊರೂರಿಗೆ ತೂಕದ ಯಂತ್ರ ಹೊರುವುದು ಯಾರು, ಕೆಟ್ಟರೆ ರಿಪೇರಿ ಯಾರು? ಎತ್ತರಕ್ಕೂ ತೂಕಕ್ಕೂ ಸುಮಾರಾಗಿ ಹೊಂದಾಣಿಕೆ ಇರುತ್ತದೆ. ಹಾಗಾಗಿ ಒಂದು ಮರದ ಕೋಲಿಗೆ ಗೆರೆ ಎಳೆದರು. 90 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಗುವಿಗೆ ಮಾತ್ರೆ ಇಲ್ಲ. 90ರಿಂದ 119ರವರೆಗೆ ಒಂದು ಮಾತ್ರೆ. 140ರವರೆಗೆ ಎರಡು. 158ರವರೆಗೆ ಮೂರು. ಅದಕ್ಕಿಂತ ಎತ್ತರದವರಿಗೆ ನಾಲ್ಕು. ಒಂದೊಂದು 3 ಮಿಲಿಗ್ರಾಂ. ಗರ್ಭಿಣಿಯರಿಗೆ, ತುಂಬಾ ಕಾಯಿಲೆ ಬಿದ್ದವರಿಗೆ ಆ ಸಲ ಇಲ್ಲ. ಓದು ಬರಹ ಅಷ್ಟೇನೂ ಬಾರದವರೂ ಕೋಲಿನ ಪಕ್ಕ ಜನರನ್ನು ನಿಲ್ಲಿಸಿ ಸರಿಯಾದ ಡೋಸ್ ಕೊಡಬಹುದು. ಕೋಟಿ ಕೋಟಿ ಸುರಿದು ಮಾಡಿದ ಸಂಶೋಧನೆ ಕೊನೆಯ ಮನೆ ತಲುಪಿದ್ದು ಒಂದು ಗೆರೆ ಎಳೆದ ಕೋಲಿನಿಂದ. ಇಲ್ಲಿ ಕೂತಿರುವ ಫಾರ್ಮಸಿ ಹುಡುಗರು ಇದನ್ನು ಬರೆದುಕೊಳ್ಳಿ, ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ.

ನಮಗೂ ಇದಕ್ಕೂ ಒಂದು ನಂಟಿದೆ. 1998ರಲ್ಲಿ ಈ ದಾನ ಆನೆಕಾಲು ರೋಗಕ್ಕೂ ವಿಸ್ತರಿಸಿತು. ಮೊದಲು ಎರಡೂ ರೋಗ ಇರುವ ಆಫ್ರಿಕಾದ ದೇಶಗಳಿಗೆ. ಭಾರತದಲ್ಲಿ ಆನೆಕಾಲಿಗೆ ಕೊಡುತ್ತಿದ್ದದ್ದು ಬೇರೆ ಎರಡು ಮಾತ್ರೆ. ಅದರ ಜೊತೆ ಐವರ್‌ಮೆಕ್ಟಿನ್ ಸೇರಿಸಿ ಮೂರನ್ನೂ ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಎಂದು ಕೆಲವು ದೇಶಗಳಲ್ಲಿ ನೋಡಿದರು. ಭಾರತದಲ್ಲಿ ಆ ಅಧ್ಯಯನ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ. ಆಮೇಲೆ ಮೂರು ಮಾತ್ರೆಯ ಕಾರ್ಯಕ್ರಮ ಮೊದಲು ಶುರುವಾದ ಜಿಲ್ಲೆಗಳಲ್ಲೂ ಯಾದಗಿರಿ ಇತ್ತು.

ಇನ್ನೊಂದು ಕೆಲಸ ಕಡಿಮೆ ಜನಕ್ಕೆ ಗೊತ್ತು. ಚೀನಾದಲ್ಲಿ ಆಗ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇತ್ತು. ತಾಯಿಯಿಂದ ಮಗುವಿಗೆ ಬರುತ್ತದೆ, ದಶಕಗಳ ನಂತರ ಲಿವರ್ ಕ್ಯಾನ್ಸರ್ ಆಗಬಹುದು. ಮರ್ಕ್ ಹತ್ತಿರ ಲಸಿಕೆ ಇತ್ತು. ಚೀನಾಕ್ಕೆ ಆ ಬೆಲೆ ಆಗುತ್ತಿರಲಿಲ್ಲ. ಬೆಲೆ ಚೌಕಾಸಿ ಮಾಡಿ ಸಾಕಾಗಿ ವಜೆಲೋಸ್ ಲಸಿಕೆ ಮಾರುವ ಯೋಚನೆಯನ್ನೇ ಬಿಟ್ಟರು. ಅದನ್ನು ತಯಾರಿಸುವ ವಿದ್ಯೆಯನ್ನೇ 1989ರಲ್ಲಿ 70 ಲಕ್ಷ ಡಾಲರ್‌ಗೆ ಕೊಟ್ಟರು. ಲಾಭ ಇಲ್ಲ, ರಾಯಲ್ಟಿ ಇಲ್ಲ. ಚೀನಾದ ಎಂಜಿನಿಯರುಗಳು ಅಮೆರಿಕಕ್ಕೆ ಬಂದು ಕಲಿತರು. ಬೀಜಿಂಗ್ ಮತ್ತು ಶೆನ್‌ಝೆನ್‌ನಲ್ಲಿ ಕಾರ್ಖಾನೆ ಎದ್ದವು. 1992ರಲ್ಲಿ ಚೀನಾದ ಪುಟ್ಟ ಮಕ್ಕಳಲ್ಲಿ ಶೇಕಡಾ 10ರ ಹತ್ತಿರ ಇದ್ದ ಸೋಂಕು 2006ರ ಸಮೀಕ್ಷೆಯ ಹೊತ್ತಿಗೆ ಶೇಕಡಾ 1ಕ್ಕಿಂತ ಕೆಳಗೆ ಬಂತು. ಪೂರ್ತಿ ಶ್ರೇಯ ಈ ಒಂದು ಒಪ್ಪಂದಕ್ಕೇ ಅಲ್ಲ. ಹುಟ್ಟಿದ ಕೂಡಲೇ ಲಸಿಕೆ ಹಾಕಿದ ಅಲ್ಲಿನ ಆರೋಗ್ಯ ವ್ಯವಸ್ಥೆಗೂ ಹೋಗಬೇಕು.

ಹೊಗಳಿದ್ದು ಸಾಕು ಅಲ್ವಾ? ಇನ್ನೊಂದು ಮಗ್ಗುಲೂ ಇದೆ. ದಾನದ ಘೋಷಣೆ ಆದ 1987ರಲ್ಲೇ ಮರ್ಕ್‌ನ ಲೊವಾಸ್ಟಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಕೊಲೆಸ್ಟೆರಾಲ್ ಇಳಿಸುವ ಸ್ಟಾಟಿನ್ ಗುಂಪಿನಲ್ಲಿ ಅಲ್ಲಿ ಅನುಮತಿ ಪಡೆದ ಮೊದಲ ಔಷಧಿ. ಅದೂ ವಜೆಲೋಸ್ ಬೆನ್ನಿಗೆ ನಿಂತು ಮಾಡಿಸಿದ್ದೇ. ಅದರಿಂದ ಬಂದ ಹಣ, ಪ್ರಾಣಿ ಔಷಧಿಯಿಂದ ಬಂದ ಹಣ, ಇವೇ ದಾನಕ್ಕೆ ಬೆನ್ನೆಲುಬು. ಶ್ರೀಮಂತ ದೇಶದ ಹೃದ್ರೋಗಿ ಮತ್ತು ಅವನ ಸಾಕುಪ್ರಾಣಿ ಸೇರಿ ಆಫ್ರಿಕಾದ ರೈತನ ಕಣ್ಣು ಉಳಿಸಿದರು ಅಂತಲೂ ಹೇಳಬಹುದು. ಲಾಭವೇ ಇಲ್ಲದ ಕಂಪನಿ ಈ ಮಾತು ಕೊಡಲು ಆಗುತ್ತಿರಲಿಲ್ಲ.

ಮತ್ತೆ ಕಂಪನಿ ಅಂದರೆ ಒಬ್ಬ ಮನುಷ್ಯ ಅಲ್ಲ. ವಜೆಲೋಸ್ ಹೋದ ಮೇಲೆ ಇದೇ ಮರ್ಕ್ 1999ರಲ್ಲಿ ವಯಾಕ್ಸ್ ಎಂಬ ನೋವಿನ ಮಾತ್ರೆ ತಂದಿತು. ಹೃದಯಾಘಾತದ ಅಪಾಯ ಹೆಚ್ಚುತ್ತದೆ ಎಂದು 2004ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಮೊಕದ್ದಮೆಗಳ ರಾಜಿಗೆ 485 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಒಂದು ಒಳ್ಳೆಯ ಕೆಲಸ ಮಾಡಿದ ಸಂಸ್ಥೆ ಮುಂದೆಂದೂ ಎಡವುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಈಗ ನಿವೃತ್ತಿ. ಸಂಘಟಕರು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳುತ್ತೇನೆ. 1994ರಲ್ಲಿ ಮರ್ಕ್ ಬಿಟ್ಟರು. ಆಗಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷರಾದರು, ಐದು ವರ್ಷ ಇದ್ದರು. 1995ರಲ್ಲಿ ರೆಜೆನೆರಾನ್ ಎಂಬ ಚಿಕ್ಕ ಕಂಪನಿಯ ಅಧ್ಯಕ್ಷ ಸ್ಥಾನ ಒಪ್ಪಿಕೊಂಡರು. ಆ ಕಂಪನಿ ಆಗ ಮಾರಲು ಒಂದು ಔಷಧಿಯನ್ನೂ ತಂದಿರಲಿಲ್ಲ. ಮೊದಲನೆಯದು ಬಂದದ್ದು 2008ರಲ್ಲಿ. ಅವರು 2023ರವರೆಗೆ ಆ ಸ್ಥಾನದಲ್ಲಿದ್ದರು. ಆಗ ವಯಸ್ಸು 93. ಇದು ಸಮಾಜಸೇವೆಯಾ ಅಂತ ನೀವು ಕೇಳಬಹುದು. ಅಲ್ಲ, ಉದ್ಯೋಗವೇ. ಆದರೆ ಮುಂದೆ ಅವರು ಕೊಟ್ಟ ಹಣದ ದೊಡ್ಡ ಪಾಲಿಗೆ ಮೂಲ ಅಲ್ಲೇ ಇದೆ ಅಂತ ನನ್ನ ಅಂದಾಜು.

ಆ ಹಣ ಎಲ್ಲಿಗೆ ಹೋಯಿತು ನೋಡಿ. 2017ರಲ್ಲಿ ರಾಯ್ ಮತ್ತು ಪತ್ನಿ ಡಯಾನಾ ತಾವು ಓದಿದ ಕಡೆಗೆ, ಕೊಲಂಬಿಯಾದ ವೈದ್ಯಕೀಯ ಕಾಲೇಜಿಗೆ, 25 ಕೋಟಿ ಡಾಲರ್ ಕೊಟ್ಟರು. ಓದಿದ್ದು ರಾಯ್, ಡಯಾನಾ ಓದಿದ್ದು ಪಕ್ಕದ ಬರ್ನಾರ್ಡ್ ಕಾಲೇಜು. ಅಲ್ಲಿಗೂ 2022ರಲ್ಲಿ ವಿಜ್ಞಾನ ಕಟ್ಟಡಕ್ಕೆ 5.5 ಕೋಟಿ ಡಾಲರ್ ಕೊಟ್ಟಿದ್ದಾರೆ. ವೈದ್ಯಕೀಯ ಕಾಲೇಜಿಗೆ ಕೊಟ್ಟದ್ದರಲ್ಲಿ 15 ಕೋಟಿ ಶಾಶ್ವತ ನಿಧಿ, ವಿದ್ಯಾರ್ಥಿಗಳ ಸಾಲದ ಬದಲು ನೆರವು ಕೊಡಲು.

ಅಮೆರಿಕದಲ್ಲಿ ಡಾಕ್ಟರ್ ಆಗಿ ಹೊರಬರುವಾಗ ತಲೆ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲ ಇರುವುದು ಮಾಮೂಲು. ಸಾಲ ತೀರಿಸಬೇಕಾದವರು ಏನು ಮಾಡುತ್ತಾರೆ? ಜಾಸ್ತಿ ಸಂಬಳ ಬರುವ ವಿಭಾಗ ಹುಡುಕುತ್ತಾರೆ. ಮಕ್ಕಳ ಡಾಕ್ಟರ್, ಹಳ್ಳಿ ಡಾಕ್ಟರ್, ಸಂಶೋಧಕ ಆಗಬೇಕು ಅಂದುಕೊಂಡವರೂ ಲೆಕ್ಕ ಹಾಕಿ ಮನಸ್ಸು ಬದಲಿಸುತ್ತಾರೆ. ವಜೆಲೋಸ್ ಬಿಡಿಸಲು ಹೊರಟದ್ದು ಈ ಗಂಟನ್ನು. ಅವರು ಎಲ್ಲರಿಗೂ ಫೀಸ್ ಮಾಫ್ ಮಾಡಲಿಲ್ಲ. ನೆರವು ಬೇಕಾದವರಿಗೆ ಸಾಲದ ಬದಲು ಅನುದಾನ. ತೀರಾ ಕಷ್ಟದಲ್ಲಿರುವವರಿಗೆ ಪೂರ್ತಿ ಫೀಸಿನಷ್ಟು ಅನುದಾನ. ಮುಂದಿನ ವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯ ತನ್ನ ಎಲ್ಲ ವೈದ್ಯ ವಿದ್ಯಾರ್ಥಿಗಳಿಗೂ ಫೀಸ್ ತೆಗೆದುಹಾಕಿತು. ಅದಕ್ಕೆ ಚಪ್ಪಾಳೆ ಜಾಸ್ತಿ ಬಿತ್ತು. ಆದರೆ ಕೋಟ್ಯಧಿಪತಿಯ ಮಗನಿಗೂ ಫೀಸ್ ಮಾಫ್ ಮಾಡುವುದಕ್ಕಿಂತ ವಜೆಲೋಸ್ ದಾರಿಯೇ ನನಗೆ ಸರಿ ಅನ್ನಿಸುತ್ತದೆ. ಹಣಕ್ಕೆ ಮಿತಿ ಇರುವಾಗ ಯಾರಿಗೆ ಮೊದಲು ಅಂತ ಕೇಳಲೇಬೇಕಲ್ಲ.

2024ರಲ್ಲಿ ಅದೇ ಕಾಲೇಜಿಗೆ ಮತ್ತೆ 40 ಕೋಟಿ ಡಾಲರ್, ಈ ಸಲ ಸಂಶೋಧನೆಗೆ. ಕಾಲೇಜಿನ ಹೆಸರಿನಲ್ಲಿ ಈಗ ವಜೆಲೋಸ್ ಎಂಬ ಹೆಸರೂ ಸೇರಿದೆ. ನನ್ನ ಕೇಳಿದರೆ ಹೆಸರು ಹಾಕಿಸಿಕೊಳ್ಳದಿದ್ದರೂ ನಡೆಯುತ್ತಿತ್ತು. ಇರಲಿ, ಕೊಟ್ಟವರು ಅವರು.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

*ದಾನ ಮಾಡಿದ ಕಂಪನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೇ? ಪ್ರಚಾರವೂ ಸಿಕ್ಕಿತಲ್ಲ?*

ಎರಡೂ ಸಿಗುತ್ತದೆ. ಅಮೆರಿಕದಲ್ಲಿ ಔಷಧಿ ದಾನಕ್ಕೆ ತೆರಿಗೆ ರಿಯಾಯಿತಿ ಇದೆ. ಪ್ರಚಾರವೂ ಬಂತು, ಒಳ್ಳೆಯ ವಿಜ್ಞಾನಿಗಳು ಆ ಕಂಪನಿಗೆ ಸೇರಲು ಇಷ್ಟಪಟ್ಟರು. ವಜೆಲೋಸ್ ಕೂಡ ಇದನ್ನು ಮುಚ್ಚಿಟ್ಟಿಲ್ಲ. ಲಾಭ ಆಯಿತು ಅನ್ನುವ ಕಾರಣಕ್ಕೆ ಕೆಲಸ ಸಣ್ಣದಾಗುವುದಿಲ್ಲ ಅಂತ ನನ್ನ ಅನಿಸಿಕೆ. ನಿಮಗೆ ಬೇರೆ ಅನ್ನಿಸಿದರೆ ಅದಕ್ಕೂ ಆಧಾರ ಇದೆ. ಆಗ ಕಂಪನಿಯ ಒಳಗೇ ಇನ್ನೊಂದು ವಾದ ಇತ್ತು. ಇವತ್ತು ಪುಕ್ಕಟೆ ಕೊಟ್ಟರೆ ನಾಳೆ ಬಡವರ ರೋಗಕ್ಕೆ ಯಾವ ಕಂಪನಿಯೂ ಸಂಶೋಧನೆ ಮಾಡುವುದಿಲ್ಲ, ಏಕೆಂದರೆ ಅವರಿಂದಲೂ ಪುಕ್ಕಟೆ ನಿರೀಕ್ಷಿಸುತ್ತಾರೆ ಅಂತ. ಆ ಭಯ ಪೂರ್ತಿ ನಿಜ ಆಗಲಿಲ್ಲ. ಕಣ್ಣಿನ ಟ್ರಕೋಮಾ ರೋಗಕ್ಕೆ ಫೈಜರ್, ಆನೆಕಾಲಿಗೆ ಗ್ಲಾಕ್ಸೋ, ಕುಷ್ಠರೋಗಕ್ಕೆ ನೊವಾರ್ಟಿಸ್ ಮುಂದೆ ದಾನಕ್ಕೆ ಬಂದವು. ಹೊಸ ಔಷಧಿ ಕಂಡುಹಿಡಿಯುವ ವಿಷಯದಲ್ಲಿ ಮಾತ್ರ ಆ ಭಯಕ್ಕೆ ಸ್ವಲ್ಪ ಹುರುಳಿದೆ.

*ಊರಿನಲ್ಲಿ ಮಾತ್ರೆ ಹಂಚುವವರಿಗೆ ಸಂಬಳ ಇತ್ತೇ?*

ಒಳ್ಳೆಯ ಪ್ರಶ್ನೆ, ಇದನ್ನು ಯಾರೂ ಕೇಳುವುದಿಲ್ಲ. ಬಹುಪಾಲು ಕಡೆ ಇರಲಿಲ್ಲ. ಊರಿನವರು ಏನಾದರೂ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಲದ ಕೆಲಸ ಬಿಟ್ಟು ಮನೆಮನೆಗೆ ಹೋಗಿ, ನೋಟ್‌ಬುಕ್‌ನಲ್ಲಿ ಬರೆದು, ಮಾತ್ರೆಯಿಂದ ಮೈ ಊದಿಕೊಂಡವರ ಬೈಗುಳ ಕೇಳಿ, ಮರುವರ್ಷ ಮತ್ತೆ ಅದೇ ಕೆಲಸ. ಅಂಥ ಲಕ್ಷಾಂತರ ಜನ ಇದ್ದಾರೆ. ಒಬ್ಬರ ಹೆಸರಿನಲ್ಲೂ ಕಾಲೇಜು ಇಲ್ಲ. ಮಾತ್ರೆಯ ಬೆಲೆ ಕಂಪನಿ ಹೊತ್ತಿತು, ಹಂಚುವ ಬೆಲೆಯಲ್ಲಿ ದೊಡ್ಡ ಪಾಲು ಇವರು ಹೊತ್ತರು. ಮುಂದಿನ ಸಲ ಯಾರಾದರೂ ಉಪನ್ಯಾಸ ಇಟ್ಟುಕೊಂಡರೆ ಇವರ ಬಗ್ಗೆ ಇಟ್ಟುಕೊಳ್ಳಿ.

*ಈ ಔಷಧಿಗೆ ನೊಬೆಲ್ ಬಂತಲ್ಲ, ವಜೆಲೋಸ್‌ಗೆ ಯಾಕೆ ಬರಲಿಲ್ಲ?*

2015ರಲ್ಲಿ ಕ್ಯಾಂಬೆಲ್ ಮತ್ತು ಓಮುರಾ ಅವರಿಗೆ ಬಂತು. ಮಲೇರಿಯಾ ಔಷಧಿಗಾಗಿ ಚೀನಾದ ತು ಯುಯು ಅವರೂ ಜೊತೆಗಿದ್ದರು. ಕಂಡುಹಿಡಿದವರಿಗೆ ಬಂತು, ಅದು ಸರಿಯೇ. ನನಗೆ ಬೇಸರ ಇರುವುದು ಅಜೀಜ್ ಬಗ್ಗೆ. ಮನುಷ್ಯರಲ್ಲಿ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದವರು ಅವರು. ದಾನದ ಘೋಷಣೆ ಆದ ಮುಂದಿನ ತಿಂಗಳೇ ತೀರಿಕೊಂಡರು.

*ಇಷ್ಟು ವರ್ಷ ಆದ ಮೇಲೆ ರೋಗ ಹೋಯಿತೇ?*

ಎಲ್ಲ ಕಡೆ ಇಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ ಒಂದೊಂದಾಗಿ ಮುಕ್ತವಾದವು. ಆಫ್ರಿಕಾದಲ್ಲಿ ಮೊದಲು ಮುಕ್ತವಾದ ದೇಶ ನೈಜರ್, 2025ರ ಜನವರಿಯಲ್ಲಿ. ಮಾತು ಕೊಟ್ಟು 37 ವರ್ಷದ ಮೇಲೆ. ಮಧ್ಯ ಆಫ್ರಿಕಾದ ಕೆಲವು ಕಾಡು ಪ್ರದೇಶಗಳಲ್ಲಿ ಇನ್ನೂ ಒಂದು ತೊಡಕಿದೆ. ಅಲ್ಲಿ ಲೋವಾ ಎಂಬ ಇನ್ನೊಂದು ಹುಳು ಇದೆ. ರಕ್ತದಲ್ಲಿ ಅದು ತುಂಬಾ ಜಾಸ್ತಿ ಇರುವವರಿಗೆ ಐವರ್‌ಮೆಕ್ಟಿನ್ ಕೊಟ್ಟರೆ ಮಿದುಳಿಗೆ ಪೆಟ್ಟಾಗಬಹುದು, ಸಾವೂ ಆಗಬಹುದು. ಅದಕ್ಕೆ ಈಗ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಮೊಬೈಲ್ ಫೋನಿಗೆ ಜೋಡಿಸಿದ ಸೂಕ್ಷ್ಮದರ್ಶಕದಲ್ಲಿ ಹುಳು ಎಣಿಸುವ ಉಪಾಯ ಬಂದಿದೆ. ಎರಡು ಮೂರು ನಿಮಿಷದಲ್ಲಿ ಲೆಕ್ಕ ಸಿಗುತ್ತದೆ. ಲೆಕ್ಕ ಜಾಸ್ತಿ ಇದ್ದವರಿಗೆ ಮಾತ್ರೆ ಕೊಡುವುದಿಲ್ಲ, ಉಳಿದವರಿಗೆ ಕೊಡುತ್ತಾರೆ. ಕೆಲಸ ನಿಧಾನ. ಲೋವಾ ಹುಳುವಿನ ಮರಿಗಳು ಹಗಲಿನಲ್ಲೇ ರಕ್ತಕ್ಕೆ ಬರುವುದರಿಂದ ಪರೀಕ್ಷೆ ಮಾಡಬೇಕಾದದ್ದು ಹಗಲಿನಲ್ಲಿ, ಜನ ಹೊಲದಲ್ಲಿ ಇರುವ ಹೊತ್ತಿಗೇ.